ಕೊನೆಯ ಬೆಂಚುಗಳ ಫೋಟೋ

2022ರಲ್ಲಿ ನಾನು ಮುಂಬಯಿಯ ಉಪನಗರಗಳ ಕೆಲವು ಶಾಲೆಗಳ ಕಂಪ್ಯೂಟರುಗಳನ್ನು ವಾರ್ಷಿಕ ಕರಾರಿನ ಮೇಲೆ ನೋಡಿಕೊಳ್ಳುತ್ತಿದ್ದ ಸರ್ವಿಸ್ ಎಂಜಿನಿಯರ್. ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿದವನಿಗೆ ಅದು ದೊಡ್ಡ ಹುದ್ದೆಯೇನಲ್ಲ. ಆ ವರ್ಷದ ಜುಲೈ ತಿಂಗಳ ಒಂದು ದಿನದ ಬಗ್ಗೆ ನನ್ನ ದಿನಚರಿಯಲ್ಲಿರುವುದು ಇಷ್ಟೇ: 'ದಹಿಸರ್. ಕೇಬಲ್ ಬದಲಿಸಿದೆ. ಕೆಲಸ ಆಯಿತು.' ಉಳಿದದ್ದೆಲ್ಲ ನೆನಪು. ನೆನಪು ಎಷ್ಟನ್ನು ತಾನೇ ಸೇರಿಸಿಕೊಂಡಿದೆಯೋ ನಾನು ಹೇಳಲಾರೆ.

ದಹಿಸರಿನ ಆ ಶಾಲೆಯನ್ನು ಒಂದು ಟ್ರಸ್ಟ್ ನಡೆಸುತ್ತಿತ್ತು. ಒಂದೇ ಕಟ್ಟಡದಲ್ಲಿ ಹಿಂದಿ ವರ್ಗಗಳು, ಮೂಲೆಯಲ್ಲಿ ಒಂದು ಕನ್ನಡ ವರ್ಗ. ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳಿರುವ ವರ್ಗವನ್ನು ಮುಚ್ಚುವುದಾಗಿ ಟ್ರಸ್ಟ್ ತಿಳಿಸಿತ್ತು. ಪಾಠ ನಡೆಯುತ್ತಿರುವಾಗಲೇ ತೆಗೆದ ಫೋಟೋಗಳನ್ನು ಅಂದು ಸಂಜೆಯೊಳಗೆ ಶಾಲೆಯ ಕಂಪ್ಯೂಟರಿನಿಂದ ಟ್ರಸ್ಟಿನ ಫೋರ್ಟ್ ಕಚೇರಿಗೆ ಇಮೇಲಿನಲ್ಲಿ ಕಳಿಸಬೇಕಿತ್ತು. ವಾಟ್ಸಾಪಿನಲ್ಲಿ ಕಳಿಸಿದರೆ ಫೋಟೋದೊಳಗಿನ ದಿನಾಂಕ, ಸ್ಥಳದ ವಿವರ ಅಳಿಸಿಹೋಗುವುದರಿಂದ ಮೂಲ ಫೋಟೋವೇ ಬೇಕೆಂದು ಕಟ್ಟಪ್ಪಣೆ.

ಕನ್ನಡ ವರ್ಗದ ಶಶಿಕಲಾ ಟೀಚರ್ ವಿಜಯಪುರದ ಕಡೆಯವರು. ನಾನು ಒಳಗೆ ಬಂದಾಗ ಸೆರಗಿನಿಂದ ಫೋನು ಒರೆಸುತ್ತ ಕಂಪ್ಯೂಟರಿನ ಮುಂದೆ ಕುಳಿತಿದ್ದರು.

"ನೋಡ್ರಿ ಸರ್, ಫೋನು ಚಾರ್ಜ್ ಆಗಾಕತ್ತೈತಿ. ಈ ಕಂಪ್ಯೂಟರ್ ಮಾತ್ರ ಅದನ್ನ ಕಣ್ಣೆತ್ತಿ ಸುದ್ದಾ ನೋಡವಲ್ದು. ಇದಕ್ಕೂ ಕನ್ನಡದವ್ರಂದ್ರ ಆಗೂದಿಲ್ಲೇನ್ರಿ?"

ಮೊದಲ ಅನುಮಾನ ಕೇಬಲ್ ಮೇಲೆ. ಸ್ಟೇಷನ್ ಹೊರಗೆ ಸಿಗುವ ಅಗ್ಗದ ಕೇಬಲ್‌ಗಳಲ್ಲಿ ಎಷ್ಟೋ ಸಲ ವಿದ್ಯುತ್ತಿನ ತಂತಿ ಮಾತ್ರ ಇರುತ್ತದೆ, ಡೇಟಾ ಸಾಗಿಸುವ ತಂತಿ ಇರುವುದಿಲ್ಲ. ಪಕ್ಕದ ಹಿಂದಿ ವರ್ಗದ ಸರಿತಾ ಟೀಚರ್ ತಮ್ಮ ಕೇಬಲ್ ತಂದುಕೊಟ್ಟರು. "ಲೀಜಿಯೆ ಸರ್. ಕಾಮ್ ಹೋ ಗಯಾ ತೋ ಚಾಯ್ ಶಶಿಕಲಾ ಪಿಲಾಯೇಗಿ," ಕೆಲಸ ಆದರೆ ಚಹಾ ಶಶಿಕಲಾಳದ್ದು ಎಂದು ನಕ್ಕು ಹೋದರು. ಆದರೂ ಆಗಲಿಲ್ಲ. ಕಂಪ್ಯೂಟರಿನ ಮುಂಭಾಗದ ಪೋರ್ಟ್ ಸಡಿಲವಾಗಿತ್ತು, ಹಿಂಭಾಗದ್ದಕ್ಕೆ ಹಾಕಿದೆ. ಆಗ ಫೋನಿನ ಹೆಸರು ಕಾಣಿಸಿತು, ಫೋಲ್ಡರ್ ಮಾತ್ರ ಖಾಲಿ. ಫೋನು ಲಾಕ್ ಆಗಿದ್ದರೆ ಹೀಗಾಗುತ್ತದೆ. ಅದನ್ನು ತೆರೆಸಿ, ಮೇಲಿನಿಂದ ಜಾರಿಸಿದರೆ ಬರುವ ಸೂಚನೆಯಲ್ಲಿ 'ಚಾರ್ಜಿಂಗ್' ಬದಲು 'ಫೈಲ್ ಟ್ರಾನ್ಸ್‌ಫರ್' ಆರಿಸಿದೆ. ಫೋಟೋಗಳು ಒಂದೊಂದಾಗಿ ಇಳಿದವು.

ಸರಿಯಾಗಿ ಬಂದಿವೆಯೇ ಎಂದು ಒಂದನ್ನು ತೆರೆದೆ. ಗೀರುಬಿದ್ದ ಅಂಗೈಯಗಲದ ಪರದೆಯಲ್ಲಿ ಕಾಣದ್ದು ಮಾನಿಟರಿನಲ್ಲಿ ಕಂಡಿತು. ಕರಿಹಲಗೆಯ ಮೇಲೆ ದುಂಡನೆಯ ಕನ್ನಡ ಅಕ್ಷರ. ಕೊನೆಯ ಬೆಂಚುಗಳ ಮಕ್ಕಳ ಮುಂದೆ ತೆರೆದಿಟ್ಟಿದ್ದ ಪುಸ್ತಕ ಮಾತ್ರ ಹಿಂದಿಯದು.

"ಇವರು ಯಾರ ಮಕ್ಕಳು, ಟೀಚರ್?"

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಸರಿತಾನ ಕ್ಲಾಸಿನವು. ಪುಸ್ತಕ ನಾ ನೋಡೇ ಇಲ್ರಿ." ಕೊನೆಯ ಬೆಂಚುಗಳತ್ತ ಬೆರಳು ಮಾಡಿ ಹೇಳಿದರು: "ನಮ್ಮ ಹುಡುಗರು ಇಲ್ಲಂತಲ್ಲ ಸರ್. ಅಪ್ಪ-ಅವ್ವನ ಸಂಗಾಟ ಹೊಲದ ಬಿತ್ತಿಗಿಗೆ ಊರಿಗೆ ಹೋಗ್ಯಾವು. ವರ್ಷಾ ಹೋಗ್ತಾವು, ಬರ್ತಾವು. ಲೋಕಲ್‌ನಾಗ ಸೀಟಿನ ಮ್ಯಾಲ ಕರ್ಚೀಫ್ ಒಗದು ಜಾಗಾ ಹಿಡೀತಾರಲ್ಲ, ಹಂಗ ಹಿಡದೀನಿ."

ನಾನು ಫೋಟೋವನ್ನು ಇನ್ನಷ್ಟು ಹಿಗ್ಗಿಸಿದೆ.

"ಆ ಪುಸ್ತಕ ಅಷ್ಟ ಕತ್ತರಸಾಕ ಬರ್ತೈತೇನ್ರಿ?"

"ಪುಸ್ತಕದ ಸಂಗಾಟ ಹುಡುಗರೂ ಹೋಗ್ತಾರ, ಟೀಚರ್."

ಮುಂದಿನ ಬೆಂಚುಗಳಲ್ಲಿ ಅವರದೇ ಮಕ್ಕಳು ಒಂಬತ್ತು. ಅಷ್ಟನ್ನೇ ಕಳಿಸಿದರೆ ವರ್ಗ ಅಂದೇ ಮುಗಿದಂತೆ. ಇದ್ದಂತೆ ಕಳಿಸಿದರೆ ಯಾರಾದರೂ ಹಿಗ್ಗಿಸಿ ನೋಡುವ ಭಯ. "ಇದ್ದಂಗ ಕಳಸ್ರಿ," ಎಂದರು. ಆಗ ಅವರು ಫೋನನ್ನು ಮತ್ತೆ ಸೆರಗಿನಿಂದ ಒರೆಸಿದರು ಎಂದು ಬರೆಯಲು ಹೊರಟು ನಿಲ್ಲಿಸಿದೆ. ಅದನ್ನು ಕಂಡೆನೋ, ಕಂಡಿರಬೇಕೆಂದು ಈಗ ಅನ್ನಿಸುತ್ತಿದೆಯೋ ಗೊತ್ತಿಲ್ಲ. ಗುಂಡಿ ಒತ್ತಿದ್ದು ನಾನು. ಅದು ಖಚಿತ.

ಆಗಸ್ಟ್‌ನಲ್ಲಿ ಕನ್ನಡ ವರ್ಗ ಮುಚ್ಚಿತು. ಅದಾದ ಕೆಲವೇ ದಿನಗಳಲ್ಲಿ ಟ್ರಸ್ಟಿನ ಫೋರ್ಟ್ ಕಚೇರಿಯ ಕಂಪ್ಯೂಟರನ್ನು ಬದಲಿಸುವ ಕೆಲಸ ನನಗೇ ಬಂತು. ಹಳೆಯದರಿಂದ ಹೊಸದಕ್ಕೆ ಎಲ್ಲವನ್ನೂ ಸಾಗಿಸುವಾಗ ಶಾಲೆಗಳಿಂದ ಬಂದ ಫೋಟೋಗಳನ್ನು ಹುಡುಕಿದೆ. ಒಂದೂ ಇಳಿದಿರಲಿಲ್ಲ. ಇಮೇಲಿನಲ್ಲಿ ಎಲ್ಲ ಶಾಲೆಗಳ ಹೆಸರಿನ ಮುಂದೆಯೂ 'ತೆರೆದಿಲ್ಲ' ಎಂಬ ಗುರುತು. ಅಲ್ಲಿನ ಗುಮಾಸ್ತರನ್ನು ಕೇಳಿದೆ. "ಅದಾ? ಆ ಕನ್ನಡ ಕ್ಲಾಸಿನ ರೂಮ್ ಕೋಚಿಂಗ್ ಕ್ಲಾಸ್‌ನವ್ರಿಗೆ ಕೊಡೋದು ಮೇ ತಿಂಗಳಲ್ಲೇ ಫಿಕ್ಸ್ ಆಗಿತ್ತು ಮಾರಾಯ್ರೇ. ಫೋಟೋ ಸುಮ್ನೆ, ಫಾರ್ಮಾಲಿಟಿಗೆ," ಎಂದು ಉಡುಪಿ ಕಡೆಯ ಆ ಸಭ್ಯ ಮನುಷ್ಯ ನನಗೆ ಚಹಾ ತರಿಸಿದರು. ಕುಡಿದೆ.

ಮುಂದಿನ ಭೇಟಿಯಲ್ಲಿ ಶಶಿಕಲಾ ಟೀಚರ್ ಶಾಲೆಯ ಕಚೇರಿಯಲ್ಲಿ ಮೂಲೆಯ ಕುರ್ಚಿಯಲ್ಲಿದ್ದರು. ಊರಿಂದ ಮರಳಿದ ಮಕ್ಕಳನ್ನು ಸರಿತಾ ಟೀಚರ್ ವರ್ಗದಲ್ಲಿ ಕೂರಿಸಿದ್ದರು. ಪಾಠ ಅರ್ಥವಾಗದೆ ಕೆಲವರು ಆಗಲೇ ಬರುವುದನ್ನು ಬಿಟ್ಟಿದ್ದರು.

"ಆ ಪುಸ್ತಕ ಕಂಡ ಮುಚ್ಚಿದ್ರೇನ್ರಿ ಸರ್? ಎಲ್ಲಾ ನನ್ನ ಕೈಯಾರೆ ಆತೇನು?"

ಅಪರಾಧಿಭಾವ ಹಗುರಾಗಲೆಂದು ನಿಜ ಹೇಳಿದೆ: ಫೋಟೋಗಳನ್ನು ಯಾರೂ ತೆರೆದೇ ಇಲ್ಲ.

ಅವರ ಮುಖ ಹಗುರಾಗಲಿಲ್ಲ. "ಅಂದ್ರ ನನ್ನ ಸುಳ್ಳು ಸುದ್ದಾ ಯಾರಿಗೂ ಬೇಕಾಗಿರಲಿಲ್ಲ," ಎಂದರು.

ಫೈಲ್ ತಲುಪಿತೆಂದರೆ ಕೆಲಸ ಮುಗಿಯಿತು ಎಂದೇ ನಮ್ಮ ವೃತ್ತಿ ಕಲಿಸುತ್ತದೆ. ಈಗ ಯಾರಾದರೂ ಫೋನು ಕನೆಕ್ಟ್ ಆಗುತ್ತಿಲ್ಲ ಎಂದು ಆತಂಕದಿಂದ ಕರೆದರೆ, ಕೇಬಲ್ ಮುಟ್ಟುವ ಮೊದಲು ಕೇಳುತ್ತೇನೆ: ಈ ಫೋಟೋವನ್ನು ಆ ಕಡೆ ನೋಡುವವರು ಯಾರು? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.