ಟೈಲರಮ್ಮ ಹಾಕಿದ ಚಿಲಕ

ಟೈಲರಮ್ಮನ ಅತ್ತೆಯನ್ನು ಕಂಡರೆ ನನಗಾಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಎದುರು ಅಂಗಡಿಯಲ್ಲಿ ಗುಂಡಿ, ದಾರ ಮಾರುವ ನನಗೆ ಆ ಮನೆಯ ಜಗಳ ದಿನವೂ ಕಿವಿಗೆ ಬೀಳುತ್ತದೆ. ಅತ್ತೆಯೇನು ಹೊರಗಿನವಳಲ್ಲ, ಟೈಲರಮ್ಮನ ತಂದೆಯ ಒಡಹುಟ್ಟಿದ ಅಕ್ಕ. ಹಟ ಹಿಡಿದು ತಮ್ಮನ ಮಗಳನ್ನು ತನ್ನ ಮಗನಿಗೆ ತಂದುಕೊಂಡವಳೂ ಅವಳೇ.

ಟೈಲರಮ್ಮನ ಮೊದಲ ಮಗ ಹಸುಗೂಸಾಗಿದ್ದಾಗಲೇ ನ್ಯುಮೋನಿಯಾದಿಂದ ತೀರಿಕೊಂಡ. ಎರಡನೆಯವನಿಗೂ ಜ್ವರ ಬಿಡದಿದ್ದಾಗ ದೊಡ್ಡಾಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ರೋಗದ ವಿರುದ್ಧ ಹೋರಾಡುವ ಕಣಗಳು ಬೆಳೆಯಲು ಬೇಕಾದ ಒಂದು ಪ್ರೋಟೀನು ಮಗುವಿನಲ್ಲಿ ಹುಟ್ಟಿನಿಂದಲೇ ಕೆಟ್ಟಿದೆ, ಅದನ್ನು ಮಾಡಿಸುವ ಜೀನು ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ, ಇವನಿಗೆ ಎರಡೂ ಕೆಟ್ಟವೇ ಬಂದಿವೆ ಎಂದರು ಡಾಕ್ಟರು. ಹೊಂದುವ ಅಸ್ಥಿಮಜ್ಜೆ ಸಿಕ್ಕಿ ಕಸಿ ಆಗುವವರೆಗೆ ಯಾರ ಕೆಮ್ಮು ನೆಗಡಿಯೂ ತಾಗಬಾರದು. ತಾಗಿದರೆ ಮಗು ಉಳಿಯುವುದು ಕಷ್ಟ.

ಅಂದಿನಿಂದ ಟೈಲರಮ್ಮ ಗಿರಾಕಿಗಳ ಮೈಗೆ ಟೇಪು ಹಿಡಿಯುವುದನ್ನೇ ಬಿಟ್ಟಳು. ಅಳತೆಗೆ ಹಳೆಯ ಬಟ್ಟೆ ತಂದು ಕಿಟಕಿಯಲ್ಲೇ ಕೊಡಬೇಕು. ಅರ್ಧ ಗಿರಾಕಿಗಳು ಮುನಿಸಿಕೊಂಡು ಬೇರೆ ಕಡೆ ಹೋದರು. ಹೋಗಲಿ, ಪೀಡೆ ತೊಲಗಿತು.

ತೊಲಗದ ಪೀಡೆ ಮನೆಯೊಳಗೇ ಇತ್ತು.

“ನಿನ್ನ ತವರಿನ ಕೆಟ್ಟ ರಕ್ತ ಕಣೇ. ನನ್ನ ಮಗನ ವಂಶಾನೇ ತಿಂತು,” ಅಂದಳು ಅತ್ತೆ, ಕೆಮ್ಮುತ್ತಲೇ.

“ನನ್ನ ತವರು ನೀವು ಹುಟ್ಟಿದ ಮನೇನೇ ಅಲ್ವಾ, ಅತ್ತೆ?”

ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸುವ ಹೆಂಗಸು ಅವಳು. ಸುಮ್ಮನಿರುತ್ತಾಳೆಯೇ?

“ನನ್ನ ರಕ್ತದಲ್ಲಿ ಏನೂ ಇಲ್ಲ. ನಾನೇ ಎತ್ತಿ ಮುದ್ದಾಡ್ತೀನಿ, ಅದೇನಾಗುತ್ತೋ ನೋಡೇ ಬಿಡೋಣ,” ಎಂದು ಮಗುವಿದ್ದ ಒಳಕೋಣೆಯತ್ತ ನುಗ್ಗಿದಳು. ಟೈಲರಮ್ಮ ಹೊಲಿಗೆ ಬಿಟ್ಟು ಓಡಿದಳು. ಅತ್ತೆಯ ರಟ್ಟೆ ಹಿಡಿದು ಬೀದಿಬಾಗಿಲ ಹೊರಗೆ ದಬ್ಬಿ ಚಿಲಕ ಹಾಕಿದಳು. ನನಗಂತೂ ಹೊಟ್ಟೆ ತಣ್ಣಗಾಯಿತು.

ಸಂಜೆ ಗಂಡ ಬಂದಾಗ ಅವನ ತಾಯಿ ಮೆಟ್ಟಿಲ ಮೇಲೆ ಕೂತು ಬೀದಿಗೆಲ್ಲ ಕೇಳುವಂತೆ ಗೋಳಾಡುತ್ತಿದ್ದಳು.

“ಬಾಗಿಲು ತೆಗಿ. ಅಮ್ಮನ ಹತ್ರ ತಪ್ಪಾಯ್ತು ಅನ್ನು,” ಅವನು ಕಿಟಕಿಯಲ್ಲಿ ಗದರಿದ. “ದೊಡ್ಡವರಿಗೆ ಒಂದು ಮರ್ಯಾದೆ ಬೇಡ್ವಾ?”

ಟೈಲರಮ್ಮ ಚಿಲಕ ತೆಗೆಯಲಿಲ್ಲ.

“ದೊಡ್ಡೋನನ್ನ ಎತ್ಕೊಂಡಾಗ್ಲೂ ಇವರಿಗೆ ಹೀಗೇ ಕೆಮ್ಮಿತ್ತು ರೀ. ಮಗೂನ ಕೊಡಿ ಅನ್ನೋಕೆ ಹೆದರಿ ನಾನು ಬಾಯಿ ಮುಚ್ಕೊಂಡಿದ್ದೆ. ಮರ್ಯಾದೆಗೆ ಅಂತ ಒಬ್ಬ ಮಗನ್ನ ಕೊಟ್ಟಾಯ್ತು.”