ನೋಟಿಸ್ ಬೋರ್ಡಿನಲ್ಲಿ ಮಾದೇವಿಯ ಹೆಸರು

ಎಂ.ಎಸ್ಸಿ. ಸೀಟಿನ ಪಟ್ಟಿ ಅಂಟಿಸಿದ ದಿನ ಕೊಳ್ಳೇಗಾಲದ ನಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ನಾನು ಮೊದಲು ಹುಡುಕಿದ್ದು ನನ್ನ ಹೆಸರನ್ನಲ್ಲ, ಮಾದೇವಿಯ ಹೆಸರನ್ನು. ಅವಳು ಬೆಟ್ಟದ ಸೋಲಿಗರ ಹುಡುಗಿ. ಬಾಟನಿ ಲ್ಯಾಬಿನಲ್ಲಿ ಎಲೆ ಮೂಸಿಯೇ ಗಿಡದ ಹೆಸರು ಹೇಳುತ್ತಿದ್ದಳು. ಪಕ್ಕದಲ್ಲಿ ಪುಸ್ತಕ ತಿರುವುತ್ತಿದ್ದ ನನಗೆ ಹೊಟ್ಟೆ ಉರಿಯುತ್ತಿತ್ತು. ‘ಅವಳಿಗೇನು, ಕೋಟಾದಲ್ಲಿ ಸೀಟು ಸಿಗುತ್ತೆ’ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಎಸ್‌ಟಿ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಒಳಗೊಳಗೇ ಹಿಗ್ಗಿದೆ. ಅಷ್ಟರಲ್ಲಿ ಅವಳೇ ಬಂದು ಹೆಗಲ ಮೇಲೆ ಕೈಯಿಟ್ಟಳು.

“ಅಲ್ಲಿಲ್ಲ ಕಣಮ್ಮಿ, ನಂದು ಜನರಲ್ ಮೆರಿಟ್‌ಲಿ ಬಂದದೆ. ನಿಂದೂ ಬಂದದೆ ನೋಡು, ತ್ರೀ ಬಿ ಕೋಟಾದಲ್ಲಿ.”

ಅವಳ ದನಿಯಲ್ಲಿ ಕೊಂಕೇ ಇರಲಿಲ್ಲ. ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ಸೀಟು ಸಿಕ್ಕಿತೆಂದು ಊರಲ್ಲಿ ಎಲ್ಲರಿಗೂ ಹೇಳಿದ್ದೇನೆ. ಯಾವ ಪಟ್ಟಿಯಲ್ಲಿ ಎಂಬುದನ್ನು ಇನ್ನೂ ಯಾರಿಗೂ ಹೇಳಿಲ್ಲ.