ನನ್ನನ್ನು ತೆಗಿ, ತಡ್ಪೆಯನ್ನು ತೆಗಿ

ಮೊನ್ನೆ ಕಪಾಟಿನ ಮೇಲಿದ್ದ ಹಳೆಯ ಕ್ಯಾಮರಾ ಚೀಲವನ್ನು ಕೆಳಗಿಳಿಸಿದೆ. ಜಿಪ್ ಎಳೆದದ್ದೇ ತಡ, ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿಯಿತು. ಬೀಡಿ ಕಟ್ಟಿ ಕಟ್ಟಿ ಆ ವಾಸನೆ ಹತ್ತಿದ್ದ ಕೈಯಲ್ಲೇ ಆಚೆಮನೆಯ ಅಕ್ಕ ಈ ಚೀಲ ಹಿಡಿದು ನನ್ನ ಜೊತೆ ನಮ್ಮೂರು ಇಚಿಲಂಪಾಡಿಯನ್ನೆಲ್ಲ ಸುತ್ತಿದ್ದರು…

ಆಗ ನಾನು ಎಂ.ಎ. ಓದುತ್ತಿದ್ದೆ. ಊರು ಹೇಗೆ ಬದಲಾಗುತ್ತಿದೆ ಎಂಬುದನ್ನು ಫೋಟೋಗಳಲ್ಲಿ ತೋರಿಸುವುದು ನನ್ನ ಅಧ್ಯಯನ. ಕ್ಯಾಮರಾ ಕಂಡರೆ ಸಾಕು, ಹೆಂಗಸರು ಮಡಿಲಲ್ಲಿದ್ದ ಬೀಡಿಯ ಮೊರವನ್ನು (ನಮ್ಮ ಕಡೆ ಅದಕ್ಕೆ ತಡ್ಪೆ ಎನ್ನುತ್ತೇವೆ) ಒಳಗೆ ಅಡಗಿಸಿ ಪ್ಲಾಸ್ಟಿಕ್ ಕುರ್ಚಿ ಹೊರಗಿಡುತ್ತಿದ್ದರು. ಅಕ್ಕ ಮುಂದೆ ಓಡಿ ಗದರಿಸುತ್ತಿದ್ದರು: “ಎಂತ ಅಡಗಿಸುದು ಮಾರಾಯ್ತಿ? ಇದ್ದದ್ದು ಇದ್ದ ಹಾಗೆ ಇರ್ಲಿ, ಇವಳಿಗೆ ಪರೀಕ್ಷೆ ಉಂಟು!” ಅಧ್ಯಯನ ಎಂದರೇನೆಂದು ಅವರು ಕೇಳಿದವರಲ್ಲ. ನಾನು ಪಾಸಾಗಬೇಕು, ಅಷ್ಟೇ.

ಕೊನೆಗೆ ಅಕ್ಕನ ಮನೆಯ ಸರದಿ ಬಂತು. ಮಗಳ ಮದುವೆಗೆ ತೆಗೆದ ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು ಜಗಲಿಗೆ ಬಂದರು. ಮೂಲೆಯಲ್ಲಿದ್ದ ತಡ್ಪೆಯತ್ತ ಕೈ ತೋರಿಸಿ, “ನನ್ನನ್ನು ತೆಗಿ, ತಡ್ಪೆಯನ್ನು ತೆಗಿ!” ಎಂದು ತಮ್ಮ ಮಾತಿಗೆ ತಾವೇ ನಕ್ಕರು. ತಮ್ಮ ಫೋಟೋ ತೆಗೆಯಬೇಕು, ತಡ್ಪೆಯನ್ನು ಆಚೆ ಇಡಬೇಕು.

ನನಗೆ ನಗು ಬರಲಿಲ್ಲ. “ಬೀಡಿ ಕಟ್ಟುದಾದ್ರೆ ತೆಗಿತೇನೆ ಅಕ್ಕ. ಹೀಗೆ ಬೇಡ.”

“ಮೂವತ್ತು ವರ್ಷ ಅದನ್ನೇ ಕಟ್ಟಿದ್ದು. ಇನ್ನು ಫೋಟೋದಲ್ಲಿಯೂ ಕಟ್ಟುದಾ?”

ನಾನು ಮನೆಯದ್ದಷ್ಟೇ ಫೋಟೋ ತೆಗೆದೆ. ಅಕ್ಕ ಪಕ್ಕಕ್ಕೆ ಸರಿದು ನಿಂತರು. ಆಮೇಲೆ, “ಚಾ ಕುಡಿದು ಹೋಗು” ಎಂದರು. ಮತ್ತೆಂದೂ ಫೋಟೋದ ಮಾತೆತ್ತಲಿಲ್ಲ. ಎಂಥ ದಡ್ಡಿ ನಾನು! ತಡ್ಪೆ ಬದಿಗಿಟ್ಟು ಸೀರೆ ಉಟ್ಟು ನಿಂತ ಆ ಹೆಂಗಸೇ ನಾನು ಹುಡುಕುತ್ತಿದ್ದ ಬದಲಾವಣೆಯಾಗಿದ್ದರು. ಕಣ್ಣೆದುರೇ ಇದ್ದರೂ ಕಾಣಲಿಲ್ಲ.

ಚೀಲ ಇಳಿಸಿದ್ದು ಅಕ್ಕನ ಮಗಳ ಫೋನ್ ಬಂದ ಮೇಲೆ. ಅಕ್ಕ ಹೋಗಿ ಒಂದು ವಾರ. “ಉತ್ತರಕ್ರಿಯೆಗೆ ಇಡ್ಲಿಕ್ಕೆ ಅಮ್ಮನದ್ದೊಂದು ಒಳ್ಳೆ ಫೋಟೋ ನಿಮ್ಮತ್ರ ಉಂಟಾ? ಮೊಬೈಲಲ್ಲಿರುದೆಲ್ಲ ಆಸ್ಪತ್ರೆಯದ್ದು. ಆಧಾರ್ ಕಾರ್ಡಲ್ಲಿ ಅಮ್ಮ ಕಳ್ಳರ ಹಾಗೆ ಕಾಣ್ತಾರೆ…” ನಗಲು ಹೋಗಿ ಅತ್ತಳು.

ಚೀಲದಲ್ಲಿದ್ದ ಎಲ್ಲ ಫೋಟೋಗಳನ್ನೂ ಒಂದೊಂದಾಗಿ ನೋಡಿದೆ. ಇಡೀ ಊರು ಇದೆ. ಅಕ್ಕನ ಜಗಲಿ ಇದೆ, ಮೂಲೆಯಲ್ಲಿ ತಡ್ಪೆಯೂ ಇದೆ. ಅಂಚಿನಲ್ಲಿ ಹಸಿರು ಸೆರಗಿನ ಒಂದು ತುದಿ…

ಅಕ್ಕಾ, ನೀವು ಹೇಳಿದ್ದು ತಡ್ಪೆಯನ್ನು ತೆಗೆ ಎಂದು. ನಾನು ನಿಮ್ಮನ್ನೇ ತೆಗೆದುಬಿಟ್ಟೆ.